ಹಗ್ಗಕ್ಕೆ ಹಚ್ಚಿದ ಕೈ

ಕಾರವಾರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಬಾಗಿಲು ತೆರೆದಾಗ ಸುಮಲತಾ ಮೊದಲು ನೋಡಿದ್ದು ಮುಖವನ್ನಲ್ಲ, ಭುಜವನ್ನು. ಕೆಲಸ ಕಲಿಸಿದ ಚಾಳಿ ಅದು. ಗುಂಡಗಿರಬೇಕಾದ ಬಲಭುಜ ಚಪ್ಪಟೆಯಾಗಿತ್ತು. ಬಂದವನು ಎಡಗೈಯಲ್ಲಿ ಬಲಗೈಯನ್ನು ಕೂಸಿನ ಹಾಗೆ ಎತ್ತಿಕೊಂಡಿದ್ದ. ಕೀಲು ಜಾರಿದೆ ಎಂದು ತಿಳಿಯಲು ಮಷೀನೇ ಬೇಕಿರಲಿಲ್ಲ.

ಆಮೇಲೆ ಮುಖ ನೋಡಿದಳು.

“ನೀನಾ?” ಅಂದ ರೋಷನ.

“ನಾನೇ. ಪೇಷಂಟಿನ ಹೆಸರು?”

“ಗೊತ್ತಿಲ್ವಾ ನಿಂಗೆ?”

“ಕೇಳೂದು ನಮ್ಮ ರೂಲು.”

“ರೋಷನ ಪುಂಡಲೀಕ. ಅಂಕೋಲಾ ಹತ್ರ ಕೇಣಿ. ನೆನಪಾಯ್ತಾ ಮೇಡಂ?” ಅಷ್ಟು ನೋವಿನಲ್ಲೂ ಅವನ ತುಟಿಯ ಎಡತುದಿ ಒಂದಿಷ್ಟು ಮೇಲೇರಿತು. ಹಾಳಾದ್ದು, ಅದೇ ನಗು. ಎಂಟು ವರ್ಷವಾದರೂ ಒಂದು ಚೂರೂ ಸವೆದಿರಲಿಲ್ಲ.

ಅವನನ್ನು ಪ್ಲೇಟಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಅವಳು ಮೆಲ್ಲನೆ ಭುಜ ಹಿಡಿದು ಒಂದಿಷ್ಟು ತಿರುಗಿಸಿದಳು. ಅಂಗಿಗೆ ಮೀನಿನ ಹುರುಪೆ ಅಂಟಿತ್ತು. ಉಪ್ಪುನೀರಿನ ವಾಸನೆ ಕೋಣೆಯ ತುಂಬ ಹರಡಿತು.

“ಕೈ ತಣ್ಣಗದೆ ನಿಂದು.”

“ಏಸಿ.”

“ಮೊದ್ಲೂ ಹಾಂಗೇ ಇತ್ತು. ಆಗ ಏಸಿ ಇರಲಿಲ್ಲ.”

“ಮಾತು ಬೇಡ. ಉಸಿರು ಹಿಡ್ಕೋ.”

ಉಸಿರು ಹಿಡಿದದ್ದು ಅವನೊಬ್ಬನೇ ಅಲ್ಲ. ಮಾನಿಟರಿನಲ್ಲಿ ಚಿತ್ರ ಮೂಡಿತು: ತೋಳಿನ ಮೂಳೆಯ ಗುಂಡು ತನ್ನ ಗೂಡು ಬಿಟ್ಟು ಕೆಳಗೆ, ಒಳಕ್ಕೆ ಸರಿದು ಕೂತಿತ್ತು. ಅವಳು ಮಷೀನಿನ ತಡೆಗೋಡೆಯ ಹಿಂದಿನಿಂದ ಹೊರಬಂದು ಅವನನ್ನು ಓರೆಯಾಗಿ ತಿರುಗಿಸತೊಡಗಿದಳು.

“ಮತ್ತೊಂದಾ? ಒಂದು ಸಾಲೂದಿಲ್ವಾ?”

“ಎದ್ರಿಂದ ಒಂದೇ ನೋಡಿದ್ರೆ ಮೋಸ ಹೋಗ್ತದೆ. ಮುಂದೆ ಜಾರಿದ್ಯಾ, ಹಿಂದೆ ಜಾರಿದ್ಯಾ, ಮೂಳೆ ಎಲ್ಲಾದ್ರೂ ಚೂರಾಗದ್ಯಾ ಅಂತ ನೋಡದೇ ಡಾಕ್ಟ್ರು ಎಳೂದಿಲ್ಲ.”

“ನಮ್ಮಲ್ಲಿ ಮರಳಲ್ಲಿ ಮಲಗ್ಸಿ ಎಳೀತ್ರು, ಮುಗೀತು,” ಅಂದ ರೋಷನ. ಅಂದವನು ಯಾಕೋ ಥಟ್ಟನೆ ಬಾಯಿ ಮುಚ್ಚಿಕೊಂಡ.

ಡಾಕ್ಟರ್ ಮಧುಕರ ಬಂದು ಎರಡೂ ಚಿತ್ರ ನೋಡಿದರು. ಮುಂದಕ್ಕೆ ಜಾರಿದೆ, ಮೂಳೆ ಮುರಿದಿಲ್ಲ. “ಮೊದಲು ಯಾವಾಗಾದರೂ ಹೀಗಾಗಿತ್ತಾ?”

“ಇಲ್ಲ ಸರ್. ಇದೇ ಮೊದ್ಲು.”

ಕೀಲು ಕೂರಿಸಲು ಅವನನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಸುಮಲತಾ ಒಬ್ಬಳೇ ಉಳಿದಳು, ಮೂಗಿನಲ್ಲಿ ಆ ಕಡಲ ವಾಸನೆ ಹಾಗೇ ಇತ್ತು.

ಅವನನ್ನು ಮೊದಲು ಕಂಡಾಗ ಅವಳಿನ್ನೂ ಕಾಲೇಜು ಹುಡುಗಿ. ಕಾರವಾರದ ಕೋಡಿಬಾಗದ ತನ್ನ ಮನೆಯಿಂದ ಅಂಕೋಲಾದ ಬೊಬ್ರುವಾಡಕ್ಕೆ, ಹೊನ್ನಿ ಅತ್ತೆಯ ಮನೆಗೆ ಬಂದವಳು ಒಂದು ಬೆಳಿಗ್ಗೆ ಕೇಣಿ ತೀರಕ್ಕೆ ಹೋಗಿದ್ದಳು. ದೋಣಿಯಿಂದ ಕಡಲಿಗೆ ಸುತ್ತ ಬಿಟ್ಟ ದೊಡ್ಡ ರಂಪಣಿ ಬಲೆಯನ್ನು ಊರಿಗೆ ಊರೇ ದಡಕ್ಕೆ ಎಳೆಯುತ್ತಿತ್ತು. ಹುಮ್ಮಸ್ಸು ತಡೆಯದೆ ಅವಳೂ ಹಗ್ಗದ ಕೊನೆ ಹಿಡಿದಳು. ಮೀನು ಹಂಚುವಾಗ ಬಲೆಯ ಮುಖಂಡನಾದ ತಾಂಡೇಲ ಪುಂಡಲೀಕನ ಮಗ ರೋಷನ ಅವಳ ಮುಂದೆ ಬಂದು ನಿಂತ.

“ನಂಗೆ ಬೇಡ. ನಾ ಸುಮ್ನೆ ಎಳ್ದದ್ದು.”

“ಇಲ್ಲಿ ಸುಮ್ನೆ ಎಳೂಕಾಗೂದಿಲ್ಲ. ದಾರಿಹೋಕನೇ ಆಗ್ಲಿ, ಹಗ್ಗಕ್ಕೆ ಕೈ ಹಚ್ಚಿದ್ಮೇಲೆ ಪಾಲು ತಕಳ್ಳೇಬೇಕು.” ಹಾಗೆಂದವನೇ ಅವಳ ಕೊಡೆ ಬಿಚ್ಚಿ, ಅದರೊಳಗೇ ಬಾಂಗಡೆ ಸುರಿದುಬಿಟ್ಟ. ಆ ಕೊಡೆಯ ವಾಸನೆ ಮುಂದಿನ ಮಳೆಗಾಲಕ್ಕೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಅವಳು ತೊಳೆದಿದ್ದರೆ ತಾನೇ.

ಆಮೇಲೆ ಹೊನ್ನಿ ಅತ್ತೆಯ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಪ್ರೀತಿ ಹೆಚ್ಚಾಯಿತು. ವಾರವಾರ ಬೊಬ್ರುವಾಡ. ಅವಳು ಎಕ್ಸ್‌ರೇ ಕೋರ್ಸಿಗೆಂದು ಮಂಗಳೂರಿಗೆ ಹೊರಡುವ ಹಿಂದಿನ ಸಂಜೆ ರೋಷನ ಹೇಳಿದ್ದ: “ನಿನ್ನ ಬಸ್ಸು ಅಂಕೋಲಾದಲ್ಲಿ ನಿಲ್ತದಲ್ಲ, ಹತ್ತಿ ನಿನ್ನ ಪಕ್ಕ ಕೂರ್ತೆ. ಬಂದೆ ಅಂದ್ರೆ ನಿಮ್ಮನೆಗೆ ಹೆಣ್ಣು ಕೇಳೂಕೆ ಬತ್ತೆ ಅಂತ ತಿಳ್ಕೋ.”

ಅವಳು ಪಕ್ಕದ ಸೀಟಿನಲ್ಲಿ ಚೀಲ ಇಟ್ಟು ಕಾದಳು. ಅಂಕೋಲಾ ಬಂತು, ಹೋಯಿತು. ಕುಮಟಾದಲ್ಲಿ ಒಬ್ಬ ಅಜ್ಜಿ ಚೀಲ ಎತ್ತಿಸಿ ಕೂತಳು. ಮಂಗಳೂರು ತಲುಪಿದ ಮೇಲೆ ಸುಮಲತಾ ಫೋನಿನಲ್ಲಿ ಅವನ ನಂಬರನ್ನು ಬ್ಲಾಕ್ ಮಾಡಿ, ಹಾಸ್ಟೆಲಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತಳು. ಈಗ ಹಬ್ಬುವಾಡದಿಂದ ಒಂದು ಸಂಬಂಧ ಬಂದಿದೆ. ಹುಡುಗ ಒಳ್ಳೆಯವನು. ಭಾನುವಾರ ಉತ್ತರ ಹೇಳಬೇಕು, ಹೆತ್ತ ಆಯಿ ಗಟ್ಟಿಯಾಗಿ ಹೇಳಿಬಿಟ್ಟಿದ್ದಾಳೆ.

ಕೀಲು ಕೂರಿಸಿದ ಮೇಲೆ ಮತ್ತೊಮ್ಮೆ ಎಕ್ಸ್‌ರೇ ತೆಗೆಯಲೇಬೇಕು. ಗುಂಡು ಗೂಡಿಗೆ ಸರಿಯಾಗಿ ಮರಳಿತ್ತು. ಆದರೆ ಗುಂಡಿನ ಹಿಂಬದಿಯಲ್ಲಿ, ಮೇಲ್ಗಡೆ, ಬೆರಳೊತ್ತಿದ ಹಾಗೆ ಒಂದು ಗುಳಿ ಕಂಡಿತು.

“ಇದು ಇವತ್ತಿನದಲ್ಲ,” ಅಂದರು ಮಧುಕರ. “ಅಂಚು ನೋಡು, ಬೆಳ್ಳಗೆ ಗಟ್ಟಿಯಾಗಿದೆ. ವರ್ಷಗಳ ಹಿಂದೆ ಜಾರಿದಾಗ ಗೂಡಿನ ಅಂಚಿಗೆ ಒತ್ತಿ ಆದದ್ದು. ಆಮೇಲೂ ಜಾರಿರಬೇಕು. ಇದೇ ಮೊದಲು ಅಂದನಲ್ಲ ನಿನ್ನ ಪೇಷಂಟು?”

ಸುಮಲತಾ ನೇರ ಅವನ ಮಂಚದ ಬಳಿಗೆ ಹೋದಳು. ಕೈಗೆ ಜೋಳಿಗೆ ಪಟ್ಟಿ ಕಟ್ಟಿದ್ದರು.

“ಮೊದ್ಲು ಜಾರಿದ್ದು ಯಾವಾಗ?”

“ಸರ್‌ಗೆ ಹೇಳ್ದೆ ಅಲ್ವಾ...”

“ಸರ್‌ಗೆ ಹೇಳಿದ್ದು ಬೇಡ. ನಂಗೆ ಹೇಳು. ಫೋಟೋ ತೆಗೆದವ್ಳು ನಾನು.”

ರೋಷನ ಮುಖವನ್ನು ಫ್ಯಾನಿನ ಕಡೆ ತಿರುಗಿಸಿದ. “ನೀ ಮಂಗಳೂರಿಗೆ ಹೋದ ದಿವ್ಸ,” ಅಂದ.

ಅವಳು ಸ್ಟೂಲು ಎಳೆದು ಕೂತಳು.

“ಬೆಳಿಗ್ಗೆ ಬಲೆ ಮುಗ್ಸಿ, ಮಿಂದು ಬರೂದು ಅಂತಿದ್ದೆ. ತೆರೆ ಹೊಡೀತು, ಹಗ್ಗ ಜಗ್ತು, ಕೈ ಹೋಯ್ತು. ಬಾಬಾ, ಹೆತ್ತ ಮಗ ಅಂತನೂ ನೋಡ್ದೆ, ಮರಳಲ್ಲಿ ಮಲಗ್ಸಿ, ಬಗಲಿಗೆ ಕಾಲು ಕೊಟ್ಟು ಎಳ್ದ. ನಂಗೆ ಕಣ್ಣು ಕತ್ಲೆ ಬಂತು. ಎದ್ದು ಕೂರೂವಷ್ಟ್ರಲ್ಲಿ ನಿನ್ನ ಬಸ್ಸು ಹೋಗಾಗಿತ್ತು.”

“ಫೋನು ಮಾಡೂಕೆ ಎಡಗೈ ಇತ್ತಲ್ಲ?”

“ಮರುದಿವ್ಸ ಮಾಡ್ದೆ, ಹತ್ಲಿಲ್ಲ. ಹೊನ್ನಿ ಅಕ್ಕನ ಹತ್ರ ಹೇಳಿ ಕಳ್ಸೂದು ಅಂದ್ಕಂಡೆ. ಅಷ್ಟ್ರಲ್ಲಿ ಮತ್ತೆ ಜಾರ್ತು, ಅಂಗಿ ಹಾಕೂವಾಗ. ತಾಂಡೇಲನ ಮಗನ ಕೈ ನಿಲ್ಲೂದಿಲ್ಲ ಅಂದ್ರೆ ಬಲೆಗೆ ಯಾರು ಕರೀತ್ರು? ಯಾರಿಗೂ ಹೇಳ್ಬೇಡ ಅಂದ ಬಾಬಾ. ಎಡಗೈಲಿ ಎಳೂಕೆ ಕಲ್ತೆ.” ಅವನ ದನಿ ಇಳಿಯಿತು. “ಹಗ್ಗ ಹಿಡೀಲಾರದ ಕೈ ಇಟ್ಕಂಡು ನಿನ್ನ ಹ್ಯಾಂಗೆ ಕೇಳ್ಲಿ ಸುಮಾ?”

ಅವಳಿಗೆ ಸಿಟ್ಟು ಬಂತು. ಎಂಟು ವರ್ಷದ ಸಿಟ್ಟು, ಕಣ್ಣೀರಾಗಿ ಬಂತು.

“ಹುಚ್ಚಾ! ನಾ ಕಲೀಲಿಕ್ಕೆ ಹೋದದ್ದೇ ಮೂಳೆ ಫೋಟೋ ತೆಗೆಯೂದು. ತೋರ್ಸೂಕೆ ನಾನೇ ಸಿಗ್ಲಿಲ್ವಾ ನಿಂಗೆ?”

ಅವನು ನಗಲು ಹೋಗಿ ನೋವಿಗೆ ಮುಖ ಕಿವುಚಿದ. ಅವಳು ಮೂಗು ಒರೆಸಿಕೊಂಡು ಅವನ ಪಟ್ಟಿ ಸರಿ ಮಾಡಿದಳು. ಆಗಲೇ ಸರಿಯಾಗಿದ್ದ ಪಟ್ಟಿ ಅದು.

“ಭಾನುವಾರ ಬಲೆ ಅದೆ. ನನ್ನ ಪಾಲು ಹೋಯ್ತು,” ಅಂದ ರೋಷನ, ಮಾತು ಹೊರಳಿಸಲು.

ಭಾನುವಾರ ಬೆಳಿಗ್ಗೆ ಸುಮಲತಾ ಆಯಿಗೆ ಹೇಳಿದಳು: “ಹಬ್ಬುವಾಡದವ್ರಿಗೆ ಬೇಡ ಅಂತ ಹೇಳು.”

“ಮತ್ತೆ ಬೇಕು ಅಂತ ಯಾರಿಗೆ ಹೇಳ್ಲಿ?”

“ಕೇಣಿಗೆ ಹೋಗಿ ಬಂದು ಹೇಳ್ತೆ.”

ತೀರದಲ್ಲಿ ಹಗ್ಗ ಆಗಲೇ ಬಿಗಿದಿತ್ತು. ಅವಳು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ರೋಷನ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಹಗ್ಗ ಹಿಡಿದಳು. ದೋಣಿಗೆ ಒರಗಿ ಕೂತಿದ್ದವನು ಎದ್ದೇ ನಿಂತ.

“ಸುಮಾ, ಬೇಡಾ! ಕೈ ಸುಲೀತದೆ!”

“ನೀ ಸುಮ್ನೆ ಕೂತ್ಕೋ. ಡಾಕ್ಟ್ರು ಕೈ ಆಡ್ಸಬೇಡ ಅಂದದ್ದು ನೆನಪಿಲ್ವಾ?”

ಹೆಂಗಸರು ಕಿಸಕ್ಕನೆ ನಕ್ಕರು. ಅವಳು ಎಳೆದಳು. ಅಂಗೈ ಕೆಂಪಾಯಿತು, ಸೊಂಟ ನೊಂದಿತು, ಸೀರೆಯೆಲ್ಲ ಮರಳಾಯಿತು. ಬಲೆ ದಡ ಸೇರಿದಾಗ ಬಾಂಗಡೆ ಫಳಫಳ ಹಾರುತ್ತಿದ್ದವು.

ಪುಂಡಲೀಕ ಪಾಲು ಹಾಕುತ್ತ ಅವಳ ಮುಂದೆ ಬಂದು ನಿಂತ. “ಇದು ಯಾರ ಪಾಲು?”

“ನಿಮ್ಮ ಮಗಂದು ಮಾಮಾ. ಅವನ ಕೈ ಬದ್ಲಿ ನನ್ನ ಕೈ.”

ಮುದುಕ ಅವಳ ಅಂಗೈ ನೋಡಿದ. ದೋಣಿಯ ಕಡೆ, ಜೋಳಿಗೆಯಲ್ಲಿ ಕೈಯಿಟ್ಟು ನಿಂತ ಮಗನನ್ನು ನೋಡಿದ. ಒಂದು ಪಾಲು ಸುರಿದ. ಪಕ್ಕದಲ್ಲೇ ಇನ್ನೊಂದು ಸುರಿದ. “ಅದು ಅವಂದು, ಇದು ನಿಂದು,” ಅಂದವನು ಒಂದು ಗಳಿಗೆ ಯೋಚಿಸಿ, ಬಗ್ಗಿ ಎರಡೂ ಕೈಯಿಂದ ಎರಡನ್ನೂ ಒಟ್ಟು ಮಾಡಿದ. “ಒಂದೇ ಬುಟ್ಟಿ ತಕಂಡು ಹೋಗಿ.”

ಸಂಜೆ ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಕಾರವಾರದ ಬಸ್ಸು ಹತ್ತಿ ಸುಮಲತಾ ಕಿಟಕಿ ಪಕ್ಕ ಕೂತಳು. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಳು. ಡ್ರೈವರ್ ಎಂಜಿನ್ ಚಾಲೂ ಮಾಡಿದ. ಅವಳು ಅಂದಿನಂತೆಯೇ ಬಾಗಿಲು ನೋಡಿದಳು.

ಎಡಗೈಯಲ್ಲಿ ಬಾಂಗಡೆ ಬುಟ್ಟಿ ಹಿಡಿದ ಒಬ್ಬನು ಬಾಗಿಲಲ್ಲಿ ಕಾಣಿಸಿಕೊಂಡ. ಬುಟ್ಟಿ ನೋಡಿ ಕಂಡಕ್ಟರ್ ಮೂಗು ಮುರಿದ.

“ಎಲ್ಲಿಗೆ?”

“ಕೋಡಿಬಾಗ.” ರೋಷನ ಅವಳನ್ನೇ ನೋಡುತ್ತ ಹೇಳಿದ. “ಹೆಣ್ಣು ಕೇಳೂಕೆ.”

ಸುಮಲತಾ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡಳು.