ಟ್ರಂಕಿನ ಬಾಯಿಗೆ ಸಕ್ಕರೆ

"ಬಿಡೋ ಅಣ್ಣಾ! ಸಾಯ್ತಾನ ಅವ!"

ರೇವವ್ವ ಕೂಗುತ್ತಲೇ ಓಡಿ ಬಂದಳು. ಅಣ್ಣಿಗೇರಿಯ ಹತ್ತಿ ಸೊಸೈಟಿಯ ಅಂಗಳದಲ್ಲಿ ಅವಳ ಅಣ್ಣ ಕುಬೇರಪ್ಪ ಒಬ್ಬ ಯುವಕನ ಕೊರಳಪಟ್ಟಿ ಹಿಡಿದು ಗೋಡೆಗೆ ಬಡಿಯುತ್ತಿದ್ದ. ಒಂದು... ಎರಡು... ಮೂರನೆಯ ಸಲಕ್ಕೆ ಹುಬ್ಬು ಸೀಳಿ ರಕ್ತ ಚಿಮ್ಮಿತು.

ಅವಳು ನಡುವೆ ನುಗ್ಗಿದಳು. ಆ ರಕ್ತ ಅವಳ ಸೆರಗಿಗೂ ಹತ್ತಿತು.

ಪೆಟ್ಟು ತಿಂದವನು ನೋಡಿದ್ದು ಹೊಡೆದವನನ್ನಲ್ಲ. ಅವಳ ಸೆರಗನ್ನು!

"ತಣ್ಣೀರಾಗ ತೊಳೀರಿ... ಬಿಸಿನೀರು ಹಾಕಿದ್ರ ಕಲಿ ಹೋಗೂದಿಲ್ಲ."

'ಎಂಥಾ ಹುಚ್ಚ ಇವ! ತನ್ನ ತಲಿ ಒಡದೈತಿ, ನನ್ನ ಸೀರಿ ಚಿಂತಿ ಮಾಡ್ತಾನ...' ಅಂದುಕೊಂಡಳು. ಆದರೆ ಮನೆಗೆ ಹೋಗಿ ಸೆರಗು ತೊಳೆದದ್ದು ತಣ್ಣೀರಿನಲ್ಲೇ.

ಅವನು ಕನಕಪ್ಪ. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವವನು. ಸೊಸೈಟಿಯ ಸಭೆಯಲ್ಲಿ ಬಾಯಿ ತೆರೆದದ್ದೇ ಅವನ ತಪ್ಪು. ೧೯೮೮ರ ಆ ಬೇಸಿಗೆಯಲ್ಲಿ, ಮುಂಬೈಯಲ್ಲಿ ತಯಾರಾದ ಕಂಪ್ಯೂಟರ್ ತರಿಸಿ ಸೊಸೈಟಿಗೆ ಮಾರಲು ಕುಬೇರಪ್ಪ ಎಲ್ಲ ಸಿದ್ಧ ಮಾಡಿಕೊಂಡಿದ್ದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕನಕಪ್ಪ ಎದ್ದು ನಿಂತಿದ್ದ.

"ಮುಚ್ಚಿದ ಡಬ್ಬಿ ಯಾಕ್ರಿ? ಕೆಟ್ರ ಮತ್ತ ಮುಂಬೈಗೇ ಹೊರಬೇಕು. ಬಿಡಿ ಸಾಮಾನು ತರಿಸಿಕೊಡ್ರಿ, ಅರ್ಧ ರೊಕ್ಕದಾಗ ನಾನ ಕಟ್ಟತೀನಿ. ಕೆಟ್ರ ನಿಮ್ಮ ಕಣ್ಣೆದುರಿಗೇ ಬಿಚ್ಚತೀನಿ."

ಚೇರಮನ್ನರಾದ ಮಡಿವಾಳೆಪ್ಪ ನಕ್ಕು ತೀರ್ಪು ಕೊಟ್ಟರು. "ಎರಡೂ ಇಡ್ರಿ. ದಸರಾದ ಖಂಡೆ ಪೂಜಿ ಮರುದಿನ ಯಾವುದು ರೈತರ ಪಟ್ಟಿ ಹೊಡದು ಕೊಡತೈತೋ ಅದು ಉಳೀಲಿ."

ರೇವವ್ವ ಅದೇ ಸೊಸೈಟಿಯ ಟೈಪಿಸ್ಟ್. ಅವಳ ಕೋಣೆಯ ಮೂಲೆಯಲ್ಲೇ ಕನಕಪ್ಪ ಕೆಲಸ ಶುರುಮಾಡಿದ. ಕಂಪ್ಯೂಟರಿಗೆ ಪೆಟ್ಟಿಗೆ ಇರಲಿಲ್ಲ. ಟ್ರಂಕು ಮಾಡುವ ಸಿರಾಜುದ್ದೀನ, ಗುಲಾಬಿ ಹೂ ಬರೆದ ಒಂದು ತಗಡಿನ ಟ್ರಂಕು ಕೊಟ್ಟ. ಬೋರ್ಡು, ತಂತಿ, ಫ್ಲಾಪಿ ಡ್ರೈವು ಎಲ್ಲ ಅದರೊಳಗೇ! ಶಾಖ ಹೋಗಲೆಂದು ಮುಚ್ಚಳ ಯಾವಾಗಲೂ ತೆರೆದಿರುತ್ತಿತ್ತು.

"ಮದುವಿ ಮಾಡಿ ಕಳಸೂ ಹುಡುಗಿ ಟ್ರಂಕಿನಂಗ ಐತಲ್ರಿ!" ಎಂದು ಅವಳು ನಕ್ಕಳು.

"ಹೌದ್ರಿ. ಹುಡುಗಿ ಅಷ್ಟ ಸಿಗಬೇಕು."

ಟೈಪು ಮಾಡುತ್ತಿದ್ದ ಅವಳ ಬೆರಳುಗಳು ಒಂದೇ ಅಕ್ಷರವನ್ನು ನಾಲ್ಕು ಸಲ ಹೊಡೆದವು...

ಶ್ರಾವಣದಲ್ಲಿ ಕುಬೇರಪ್ಪನ ಆಳುಗಳು ಕನಕಪ್ಪನ ಅಂಗಡಿಗೆ ನುಗ್ಗಿದರು. ರೇಡಿಯೋಗಳನ್ನು ರಸ್ತೆಗೆಸೆದು ಕಲ್ಲಿನಿಂದ ಜಜ್ಜಿದರು. ಮರುದಿನ ಅವನು ಬಾತ ಕಣ್ಣು, ಒಡೆದ ತುಟಿ ಹೊತ್ತು ಬಂದು ಬೆಸುಗೆ ಹಾಕುವ ಸೋಲ್ಡರ್ ಹಿಡಿದು ಕೂತ.

"ಅಂಜಿಕಿ ಇಲ್ಲೇನ್ರಿ ನಿಮಗ?"

"ಐತ್ರಿ. ಆದ್ರ ಅಂಜಿದ್ರ ಕೈ ನಡಗತೈತಿ, ಸೋಲ್ಡರ್ ಕೆಡತೈತಿ." ಅವನು ತಲೆ ಎತ್ತಲಿಲ್ಲ. "ಇದು ನಡೀತಂದ್ರ ಇಲ್ಲೇ ನೌಕರಿ. ನೌಕರಿ ಆತಂದ್ರ..."

"ಆತಂದ್ರ?"

"ನಿಮ್ಮನಿಗೆ ಬಂದು ನಿಮ್ಮನ್ನ ಕೇಳತೀನಿ. ನಿಮ್ಮಣ್ಣ ಮತ್ತೊಮ್ಮೆ ಹೊಡೀಲಿ!"

ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಏಳು ಪೆಟ್ಟಿಗೆಯೊಳಗಿನ ಗಿಳಿಯಲ್ಲಿ ರಾಕ್ಷಸನ ಜೀವ ಇರುತ್ತಿತ್ತು. ರೇವವ್ವನ ಜೀವ ಅಂದಿನಿಂದ ಆ ಟ್ರಂಕಿನೊಳಗೆ ಸೇರಿಕೊಂಡಿತು.

ಖಂಡೆ ಪೂಜೆಯ ಮಧ್ಯಾಹ್ನ. ಕುಡಗೋಲಿನಿಂದ ಹಿಡಿದು ಹೊಲಿಗೆ ಮಷಿನ್‌ವರೆಗೆ ಊರಿನ ಎಲ್ಲ ಕಬ್ಬಿಣಕ್ಕೂ ಪೂಜೆ. 'ಇದಕ್ಕ ಮಾತ್ರ ಯಾಕಿಲ್ಲ?' ಎನಿಸಿತು ಅವಳಿಗೆ. ಚಾವಿ ಅವಳ ಕೈಯಲ್ಲೇ ಇತ್ತು. ಒಬ್ಬಳೇ ಬಂದು ಟ್ರಂಕಿಗೆ ವಿಭೂತಿ ಎಳೆದಳು, ಕುಂಕುಮ ಹಚ್ಚಿದಳು. ನೈವೇದ್ಯ? ಫ್ಲಾಪಿ ಹಾಕುವ ಆ ಸೀಳು ಬಾಯಿಯ ಹಾಗೇ ಕಂಡಿತು. ಒಂದು ಚಿಟಿಕೆ ಸಕ್ಕರೆ ಅದರೊಳಗೆ ಉದುರಿಸಿದಳು.

"ನಾಳೆ ಅವರ ಮಾನ ಉಳಸು ನಮ್ಮಪ್ಪಾ..."

ಅಣ್ಣನ ಕಣ್ಣಿಗೆ ಬಿದ್ದೀತೆಂದು ಹೊರಗಿನ ಕುಂಕುಮ ವಿಭೂತಿಯನ್ನೆಲ್ಲ ಸೆರಗಿನಿಂದ ಒರೆಸಿ ಹೋದಳು.

ಮರುದಿನ ಸೊಸೈಟಿ ತುಂಬ ಜನ! ಒಂದು ಮೇಜಿನ ಮೇಲೆ ಕುಬೇರಪ್ಪ ತರಿಸಿದ ಮುಂಬೈ ಕಂಪ್ಯೂಟರ್, ಇನ್ನೊಂದರ ಮೇಲೆ ಟ್ರಂಕು ಮತ್ತು ಪ್ರಿಂಟರು; ಮೊದಲ ಸರದಿ ಟ್ರಂಕಿನದು. ಕನಕಪ್ಪ ಗುಂಡಿ ಒತ್ತಿದ. ಪರದೆ ಬೆಳಗಿತು. ಫ್ಲಾಪಿ ಹಾಕಿದ್ದೇ ತಡ, ಟ್ರಂಕಿನೊಳಗಿಂದ ಕರಕರ ಶಬ್ದ! ಪಟ್ಟಿ ಬರಲಿಲ್ಲ. ಮತ್ತೆ ಹಾಕಿದ... ಮತ್ತೆ ಅದೇ ನರಳಾಟ.

ಕುಬೇರಪ್ಪ ಗಹಗಹಿಸಿದ. "ಟ್ರಂಕಿನ್ಯಾಗ ಸೀರಿ ಇಡ್ತಾರಲೇ, ಕಂಪ್ಯೂಟರ್ ಅಲ್ಲ! ಮತ್ತ ನಿನ್ನೆ ಈ ಕೋಣಿ ಚಾವಿ ನಮ್ಮ ರೇವಿ ಕಡೇನ ಇತ್ತು. ಎಷ್ಟಂದ್ರೂ ನನ್ನ ತಂಗಿ!"

ಕನಕಪ್ಪ ಅವಳತ್ತ ತಿರುಗಿದ. "ನೀವು ಇದನ್ನ ಮುಟ್ಟಿದ್ರೇನ್ರಿ?"

ಅಣ್ಣನ ಕೆಂಡದ ಕಣ್ಣು ಅವಳ ಮೇಲಿತ್ತು.

"ಇಲ್ರಿ... ಮುಟ್ಟಿಲ್ಲ."

ಸುಳ್ಳು! ತುಟಿ ನಡುಗಿದ್ದನ್ನು ಕನಕಪ್ಪ ನೋಡಿಬಿಟ್ಟ. ಎಷ್ಟು ಹೊಡೆದರೂ ಕುಗ್ಗದ ಅವನ ಮುಖ ಆ ಒಂದು ಮಾತಿಗೆ ಕುಗ್ಗಿಹೋಯಿತು.

"ನಿಮ್ಮಣ್ಣ ಹೊಡದಾಗ ಇಷ್ಟು ನೋವಾಗಿದ್ದಿಲ್ರಿ..."

ಅಷ್ಟರಲ್ಲಿ ಕುಬೇರಪ್ಪ ಹತ್ತಿ ಮೂಟೆ ಬಿಚ್ಚುವ ಹಾರೆ ಎತ್ತಿದ. ಮೊದಲ ಪೆಟ್ಟಿಗೆ ಟ್ರಂಕಿನ ಗುಲಾಬಿ ಒಳಕ್ಕೆ ಕುಸಿಯಿತು. ಕನಕಪ್ಪ ಅಡ್ಡ ಬಿದ್ದ. ಎರಡನೆಯ ಪೆಟ್ಟು ಅವನ ಬಲಗೈ ಮೇಲೆ! ಲಟಕ್ಕನೆ ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

"ಅಣ್ಣಾ, ಇನ್ನೊಂದು ಏಟು ಬಿದ್ರ ನಿಂದನ್ನೂ ಒಡಿತೀನಿ!"

ಅವನು ಹಾರೆ ಎತ್ತಿಯೇ ಬಿಟ್ಟ.

ರೇವವ್ವ ಕುಬೇರಪ್ಪನ ಹೊಸ ಕಂಪ್ಯೂಟರಿನ ಪರದೆಯನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕಪ್ಪಳಿಸಿದಳು. ಢಂ! ಗಾಜು ಸಿಡಿಯಿತು. ಅವಳ ಅಂಗೈ, ಕಾಲು, ಕೆನ್ನೆ ಎಲ್ಲ ರಕ್ತ...

"ಹೌದು, ಮುಟ್ಟೀನಿ! ಪೂಜಿ ಮಾಡೀನಿ! ಇವರದು ಗೆಲ್ಲಲಿ ಅಂತ ಅದರ ಬಾಯಾಗ ಸಕ್ಕರಿ ಹಾಕೀನಿ! ಈಗ ನನ್ನನ್ನೂ ಹೊಡಿ!"

ಹಾರೆ ಗಾಳಿಯಲ್ಲೇ ನಿಂತಿತು.

ಕನಕಪ್ಪ ನೆಲದ ಮೇಲಿಂದಲೇ ಅವಳನ್ನು ನೋಡಿದ. "ಸಕ್ಕರಿ...?" ಮುರಿದ ಕೈಯನ್ನು ಎದೆಗೊತ್ತಿಕೊಂಡು ತೆವಳಿ ಬಂದ. "ಹಂಗಾದ್ರ ಬಿಚ್ಚೂಣು. ನನಗ ಒಂದ ಕೈ ಐತಿ. ನಿಮ್ಮ ಕೈ ಕೊಡ್ರಿ."

ತಗಡು ನಜ್ಜಿದ್ದರೂ ಒಳಗಿನ ಬೋರ್ಡಿಗೆ ಪೆಟ್ಟು ತಾಗಿರಲಿಲ್ಲ. ಅವನು ಹೇಳಿದಂತೆ ಅವಳು ತಿರುಪು ಬಿಚ್ಚಿದಳು. ಡ್ರೈವಿನೊಳಗೆ ಹರಳು ಹರಳು ಸಕ್ಕರೆ! ಯಾರೋ ಗಾಯಕ್ಕೆಂದು ಸ್ಪಿರಿಟ್ ತಂದರು.

"ಮೊದಲು ಅದಕ್ಕ. ಆಮ್ಯಾಲೆ ನನಗ," ಎಂದ ಕನಕಪ್ಪ.

ಮೂಲೆಯ ಹತ್ತಿ ರಾಶಿಯಿಂದ ಒಂದು ಹಿಡಿ ಕಿತ್ತು ಅವಳು ಒರೆಸಿದಳು, ಅಳುತ್ತಲೇ ಒರೆಸಿದಳು. ಸಕ್ಕರೆಯಿಂದ ಗೀರು ಬಿದ್ದ ಫ್ಲಾಪಿ ಬದಿಗಿಟ್ಟು, ಅವನ ಜೇಬಿನಲ್ಲಿದ್ದ ಇನ್ನೊಂದು ಹಾಕಿದರು.

ಪ್ರಿಂಟರು ಕಿರುಚಿತು. ರೈತರ ಹೆಸರುಗಳು ಒಂದೊಂದಾಗಿ ಹೊರಬಂದವು.

ಮಡಿವಾಳೆಪ್ಪ ಒಡೆದ ಗಾಜನ್ನು ಕಾಲಿನಿಂದ ಸರಿಸಿದರು. "ಕುಬೇರಪ್ಪ, ನಿಂದನ್ನ ಮುಂಬೈಗೆ ಹೊತ್ಕೊಂಡು ಹೋಗು. ಇದು ಇಲ್ಲೇ ಉಳೀಲಿ, ಕಟ್ಟಿದಂವನೂ ಇಲ್ಲೇ ಉಳೀಲಿ."

ಕುಬೇರಪ್ಪ ತಂಗಿಯ ರಕ್ತದ ಕೈ ನೋಡಿದ. ಹಾರೆ ಜಾರಿ ಬಿತ್ತು. "ಮನಿಗೆ ಬರಬ್ಯಾಡ," ಎಂದವನ ಧ್ವನಿ ಒಡೆದಿತ್ತು. ಹಿಂತಿರುಗದೆ ನಡೆದುಬಿಟ್ಟ.

ದವಾಖಾನೆಯ ಕಟ್ಟೆ. ಇಬ್ಬರ ಕೈಗೂ ಬಿಳಿ ಪಟ್ಟಿ.

"ಎಲ್ಲಾರ ಮುಂದ ಸುಳ್ಳು ಹೇಳಿದ್ನಿ... ಸಿಟ್ಟು ಹೋತೇನ್ರಿ?"

"ನಾನೂ ಬಿಚ್ಚಿ ನೋಡಲಾರದ ಸಿಟ್ಟಿಗೆದ್ದೆ. ರಿಪೇರಿ ಮಾಡಾಂವ ಮಾಡೂ ತಪ್ಪಲ್ಲ ಅದು." ಅವನು ಎಡಗೈ ಚಾಚಿದ. "ಹೋಗೂಣು?"

"ಎಲ್ಲಿಗಿ?"

"ನಮ್ಮನಿಗೆ. ಅವ್ವ ರೊಟ್ಟಿ ಬಡೀತಿರ್ತಾಳ. ಆದ್ರ ಒಂದು ಮಾತು... ಮುಂದಿನ ಖಂಡೆ ಪೂಜಿಗೆ ಸಕ್ಕರಿ ಎಲ್ಲಿ ಹಾಕ್ತೀರಿ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ನಿಮ್ಮ ಬಾಯಾಗ!"