ವಲ್ಕನ್ ಹುಡುಗ, ಡೈರೆಕ್ಟ್‌ಎಕ್ಸ್ ಹುಡುಗಿ

"ನಿಮ್ಮ ಡೈರೆಕ್ಟ್‌ಎಕ್ಸ್ ಹಳೇ ಕಾಲದ್ದು ಕಣ್ರೀ... ಇನ್ನೊಂದು ತಿಂಗಳಲ್ಲಿ ಕಿತ್ತು ಹಾಕ್ತಾರೆ, ನೋಡ್ತಿರಿ!"

ಲಕ್ಷ್ಮೀಪುರಂನ ಆ ಪುಟ್ಟ ಆಫೀಸಿಗೆ ಹೊಸದಾಗಿ ಸೇರಿದ ಪ್ರಿನ್ಸ್ ಮೊದಲ ದಿನವೇ ಹೀಗಂದಾಗ ಜಾನ್ಸಿಗೆ ಮೈಯೆಲ್ಲ ಉರಿದುಹೋಯಿತು. ಹೆಸರಿಗಷ್ಟೇ ಪ್ರಿನ್ಸ್, ಜಂಬ ನೋಡಿದರೆ ಮಹಾರಾಜ!

ಅವರು ಮಾಡುತ್ತಿದ್ದದ್ದು ಕಂಪ್ಯೂಟರ್ ಎಂಬ್ರಾಯಿಡರಿ ಅಂಗಡಿಗಳಿಗೆ ಬೇಕಾದ ವಿಂಡೋಸ್ ಸಾಫ್ಟ್‌ವೇರ್. ಹೊಲಿಯುವ ಮೊದಲೇ ಬ್ಲೌಸ್ ಹೇಗೆ ಕಾಣುತ್ತದೆಂದು ಪರದೆಯ ಮೇಲೆ ತಿರುಗಿಸಿ ತೋರಿಸಬೇಕು. ಆ ಚಿತ್ರ ಬಿಡಿಸು ಎಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳಲು ಜಾನ್ಸಿ ನೆಚ್ಚಿದ್ದು ಡೈರೆಕ್ಟ್‌ಎಕ್ಸ್, ಪ್ರಿನ್ಸ್ ತಂದದ್ದು ಹೊಸ ವಲ್ಕನ್.

"ಇಬ್ರೂ ಮಾಡಿ ತೋರ್ಸಿ, ಗೆದ್ದದ್ದನ್ನ ಮಾತ್ರ ಇಟ್ಕೊಳ್ತೀನಿ," ಎಂದಿದ್ದರು ಮಾಲೀಕರಾದ ಮೃತ್ಯುಂಜಯ ಸರ್.

ಸೋತರೆ ಜಾನ್ಸಿಯ ಒಂದು ವರ್ಷದ ಕೆಲಸ ಕಸದ ಬುಟ್ಟಿಗೆ!

ತಿಂಗಳ ಕೊನೆಯ ಸೋಮವಾರ ಪ್ರಿನ್ಸ್ ಅವಳ ಸಾಫ್ಟ್‌ವೇರನ್ನು ಕೇಳದೆಯೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದ. ಮೂರು ದಿನ ಪತ್ತೆಯೇ ಇಲ್ಲ.

'ನನ್ನ ತಪ್ಪು ಹುಡುಕೋಕೆ ಹೋಗಿದ್ದಾನೆ... ಎಂಥ ಮನುಷ್ಯ!' ಅವಳ ಕಣ್ಣು ತುಂಬಿ ಬಂತು.

ಗುರುವಾರ ಮೃತ್ಯುಂಜಯ ಸರ್ ಇಬ್ಬರನ್ನೂ ಕರೆದರು. ಪ್ರಿನ್ಸ್ ಮೊದಲು ಬಾಯಿಬಿಟ್ಟ.

"ಸರ್, ನಾವಿಬ್ರೂ ಆಫೀಸಿನ ಹೊಸ ಕಂಪ್ಯೂಟರಲ್ಲೇ ಓಡಿಸ್ಕೊಂಡು ಜಗಳ ಆಡ್ತಿದ್ವಿ. ಇಲ್ಲಿ ನನ್ನದೇ ಫಾಸ್ಟು, ನಿಜ. ಆದ್ರೆ ಉದಯಗಿರಿಲಿ ಹದಿನಾಲ್ಕು ಅಂಗಡಿ ಸುತ್ತಿ ಬಂದೆ. ಅಲ್ಲಿರೋದೆಲ್ಲ ಹಳೇ ಕಂಪ್ಯೂಟರ್. ಒಂಬತ್ತರಲ್ಲಿ ನನ್ನದು ಓಪನ್ನೇ ಆಗ್ಲಿಲ್ಲ, ಆ ಕಾರ್ಡುಗಳಲ್ಲಿ ವಲ್ಕನ್ ನಡೆಯೋದೇ ಇಲ್ಲ. ಜಾನ್ಸಿ ಅವರದು ಎಲ್ಲದರಲ್ಲೂ ಓಡ್ತು. ಅವರದನ್ನೇ ಇಟ್ಕೊಳ್ಳಿ."

ಜಾನ್ಸಿ ತಲೆ ತಗ್ಗಿಸಿದಳು. ಇಂಥವನನ್ನು ಮೂರು ದಿನದಿಂದ ಮನಸ್ಸಿನಲ್ಲೇ ಬೈದೆನಲ್ಲ!

ಹೊರಗೆ ಮೆಟ್ಟಿಲ ಬಳಿ ಅವನನ್ನು ತಡೆದಳು.

"ಸುಮ್ನಿದ್ದಿದ್ರೆ ನೀವೇ ಗೆಲ್ತಿದ್ರಿ... ಯಾಕೆ ಹೇಳಿದ್ರಿ?"

ಪ್ರಿನ್ಸ್ ತಲೆ ಕೆರೆದುಕೊಂಡ.

"ಕೇಳ್ದೆ ತಗೊಂಡು ಹೋಗಿದ್ದು ತಪ್ಪು, ಸಾರಿ. ಒಂದಂಗಡಿಲಿ ವಸಂತಮ್ಮ ಅಂತ... ನಿಮ್ಮದರಲ್ಲಿ ಬ್ಲೌಸ್ ತಿರುಗಿಸಿ ತಿರುಗಿಸಿ ನೋಡಿ, 'ಯಾವ ಮಗು ಮಾಡ್ತಪ್ಪಾ ಇದನ್ನ?' ಅಂದ್ರು. ನನಗೆ ಹೆಮ್ಮೆ ಆಗ್ಬುಡ್ತು ಕಣ್ರೀ! ಸೋತಿದ್ದು ನಾನು, ಆದ್ರೂ ಹೆಮ್ಮೆ... ಆಗ್ಲೇ ಗೊತ್ತಾಯ್ತು, ನೀವಂದ್ರೆ ನನಗೆ ಎಷ್ಟು ಇಷ್ಟ ಅಂತ."

ಅವಳ ಎದೆ ಕೃತಜ್ಞತೆಯಿಂದ ತುಂಬಿಹೋಯಿತು. ಅವಳ ದುಡಿಮೆಯನ್ನು ಅಂಗಡಿ ಅಂಗಡಿಗೂ ಹೊತ್ತು ತಿರುಗಿದವರು ಇದುವರೆಗೆ ಯಾರಿದ್ದರು?

"ಥ್ಯಾಂಕ್ಸ್, ಪ್ರಿನ್ಸ್..."

"ಬರೀ ಥ್ಯಾಂಕ್ಸಾ?"

"ಭಾನುವಾರ ಚರ್ಚಲ್ಲಿ ಪೂಜೆ ಮುಗಿಸ್ಕೊಂಡು ಮನೆಗೆ ಬನ್ನಿ. ಅಮ್ಮನಿಗೆ ಪರಿಚಯ ಮಾಡಿಸ್ಬೇಕು."

"ಏನಂತ ಪರಿಚಯ ಮಾಡಿಸ್ತೀರಿ?"

ಜಾನ್ಸಿ ಕಣ್ಣೊರೆಸಿಕೊಂಡು ನಕ್ಕಳು.

"ನಾನು ಮದುವೆ ಆಗೋ ಹುಡುಗ ಅಂತ!"