ತಾತನ ಧ್ವನಿಗೆ ಐದು ವೋಲ್ಟ್

ಆ ದಿನ ಬೆಳಿಗ್ಗೆ ಗೌರೀಶ ಮಲ್ಲಿಗೆ ಹೂವಿನ ಪೊಟ್ಟಣ ಹಿಡಿದು, ತಾಯಿಯ ಜೊತೆ ಚನ್ನರಾಯಪಟ್ಟಣದಲ್ಲಿ ಬಸ್ ಹತ್ತಿ ಕುಳಿತಿದ್ದ. ಹಿರೀಸಾವೆಯಲ್ಲಿ ಪ್ರತಿಭಾಳನ್ನು ನೋಡುವ ಶಾಸ್ತ್ರ. ಬಸ್ಸು ಹೊರಡುವ ಮೊದಲೇ ಫೋನ್ ಬಂತು. ಹುಡುಗಿಯ ತಾತ ಶಿವಯ್ಯನವರು ಪೂಜೆಗೆ ಕುಳಿತಲ್ಲೇ ಲಿಂಗೈಕ್ಯರಾಗಿದ್ದರು.

"ಇಳಿ ಮಗ. ಹೆಣ್ ನೋಡಕ್ಕೆ ಹೊಂಟ ದಿನಾನೇ ಇಂಗಾಯ್ತು. ಈ ಸಂಬಂಧ ಬ್ಯಾಡ ಕಣಪ್ಪ" ಎಂದರು ತಾಯಿ.

ಅವನು ಇಳಿದುಬಿಟ್ಟ. ಎರಡು ತಿಂಗಳಿಂದ ಫೋನಿನಲ್ಲಿ ಪ್ರತಿಭಾಳನ್ನು ನಗಿಸುತ್ತಿದ್ದ ಧ್ವನಿ ಅಂದಿನಿಂದ ಸುಮ್ಮನಾಯಿತು.

ತಾತ ತೀರಿದ ಮೇಲೆ ನಡೆಸುವ ಶಿವಗಣಾರಾಧನೆಯ ಸಂಜೆ. ಮನೆಯ ಹಿಂದಿನ ತೋಟದಲ್ಲಿ, ತಾತನನ್ನು ಮಣ್ಣು ಮಾಡಿದ ಗದ್ದುಗೆಯ ಪಕ್ಕ ಪ್ರತಿಭಾ ಮಂಡಿಯೂರಿ ಕುಳಿತಿದ್ದಳು. ದೀಪ ಹಚ್ಚುವ ಹೊತ್ತಿಗೆ ತಾತನ ಧ್ವನಿ ಕೇಳಬೇಕೆಂಬುದು ಅಜ್ಜಿ ಸುವರ್ಣಮ್ಮನವರ ಆಸೆ. ತಾತ ಹಾಡಿದ್ದೆಲ್ಲ ಅವರ ಹಳೆಯ ರೆಕಾರ್ಡರಿನ ಹೊಟ್ಟೆಯೊಳಗೇ ಇತ್ತು. ಕಂಪ್ಯೂಟರಿಗೆ ಜೋಡಿಸುವ ಕಿಂಡಿ ಮುರಿದಿದ್ದರಿಂದ ಬೇರೆ ಪ್ರತಿ ಇರಲಿಲ್ಲ. ಅದಕ್ಕೆ ಐದು ವೋಲ್ಟ್ ಕೊಟ್ಟರೆ ಹಾಡುತ್ತದೆ. ಹೆಚ್ಚಾದರೆ ಸುಟ್ಟು, ತಾತನ ಧ್ವನಿ ಶಾಶ್ವತವಾಗಿ ಹೋಗುತ್ತದೆ.

ತೋಟದಲ್ಲಿ ಕರೆಂಟಿಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ಐದಕ್ಕೆ ಇಳಿಸುವ ಪುಟ್ಟ ಬೋರ್ಡನ್ನು ಅವಳೇ ಬೆಸೆದಿದ್ದಳು. ಮನೆಯಲ್ಲಿ ಸರಿಯಾಗಿತ್ತು. ಇಲ್ಲಿ ಮೀಟರು ಏಳು ತೋರಿಸುತ್ತಿತ್ತು.

"ಬ್ಯಾಟರಿ ಸರಿಯಾಗಿದ್ಯಾ ಮೇಡಮ್?"

ಅವಳ ಕೈ ನಿಂತಿತು. ತಿರುಗಿ ನೋಡದೆಯೇ ಗೌರೀಶನ ಧ್ವನಿಯ ಗುರುತು ಸಿಕ್ಕಿತು. ಆಮೇಲೆ ತಿರುಗಿದಳು. ಫೋಟೋದಲ್ಲಿ ಇದ್ದುದಕ್ಕಿಂತ ಎತ್ತರ. ಕಣ್ಣಲ್ಲಿ ಮಾತ್ರ ಅದೇ ತುಂಟತನ, ಅಂಜುತ್ತ ಅಂಜುತ್ತ ಇಣುಕುತ್ತಿತ್ತು.

"ಬಸ್ಸಿಂದ ಇಳಿದೋರಿಗೆ ಇಲ್ಲೇನು ಕೆಲಸ?"

"ಮೋಟಾರ್ ವೈಂಡಿಂಗ್ ಮಾಡೋನು ಕಣ್ರೀ. ಕರೆಂಟಿನ ಕಷ್ಟ ಅಂದ್ರೆ ಕರುಳು ಚುರ್ ಅಂತದೆ."

"ಹತ್ತು ಎಚ್‌ಪಿ ಮೋಟಾರಲ್ಲ ಇದು. ಉಸಿರು ಬಿಗಿ ಹಿಡಿದು ಟಾರ್ಚ್ ಬಿಡಿ."

ಅವನು ಪಕ್ಕದಲ್ಲೇ ಕುಳಿತು ಮೊಬೈಲ್ ಟಾರ್ಚ್ ಬಿಟ್ಟ. ಅವಳು ಬ್ಯಾಟರಿ ಅಳೆದಳು, ಸರಿಯಿತ್ತು. ಬೆಸುಗೆ ನೋಡಿದಳು, ಗಟ್ಟಿಯಿತ್ತು. ವೋಲ್ಟ್ ಇಳಿಸುವ ಪುಟ್ಟ ಚಿಪ್ಪು, ಐಸಿಯನ್ನೂ ಬದಲಿಸಿದಳು. ಮತ್ತೆ ಏಳು.

"ಈ ಎರಡು ರೆಸಿಸ್ಟರ್ ಇದಾವಲ್ಲ, ಹೊರಗೆ ಎಷ್ಟು ವೋಲ್ಟ್ ಹೋಯ್ತಿದೆ ಅಂತ ಐಸಿಗೆ ಹೇಳೋದು ಇವೇ. ಕಡಿಮೆ ಇದೆ ಅಂತ ಯಾರೋ ಚಾಡಿ ಹೇಳ್ತಾವ್ರೆ. ಅದಕ್ಕೇ ಐಸಿ ಜಾಸ್ತಿ ಬಿಡ್ತಾ ಇದೆ" ಎಂದಳು ಪ್ರತಿಭಾ.

"ಚಾಡಿ ಕೇಳಿ ಕೆಡೋದು ಐಸಿ ಮಾತ್ರ ಅಲ್ಲ ಬಿಡಿ" ಎಂದ ಗೌರೀಶ ಮೆಲ್ಲಗೆ.

ಅವಳ ಕೆನ್ನೆ ಬಿಸಿಯಾಯಿತು. ಮಾತು ಮರೆಸಲು ಬೋರ್ಡನ್ನು ಅವನ ಕೈಗೆ ಕೊಟ್ಟಳು. ಅವನು ಹಿಂದೆ ಮುಂದೆ ತಿರುಗಿಸಿ, ಬೆರಳ ತುದಿ ನೋಡಿಕೊಂಡ. ಬೆಳ್ಳಗಿತ್ತು, ಒದ್ದೆಯಿತ್ತು.

"ಏನ್ರೀ ಇದು? ಬೋರ್ಡಿಗೂ ವಿಭೂತಿ ಹಚ್ತೀರಾ ನಿಮ್ಮನೇಲಿ?"

ಇಬ್ಬರೂ ತಿರುಗಿ ನೋಡಿದರು. ಹಿಂದೆ ಕುಳಿತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ಸುವರ್ಣಮ್ಮನವರು ತಲೆಯೆತ್ತಿದರು.

"ನಾನೇ ಕಣವ್ವ. ಯಜಮಾನ್ರು ಮಾತಾಡೋ ಪೆಟ್ಗೆ ಅಂದ್ಯಲ್ಲ. ಅವ್ರು ಬರೀ ಹಣೇಲಿ ಎಂದಾರ ಬಾಯಿ ತೆಗ್ದವ್ರಾ? ಮೂರು ಬೆರಳು ಎಳೆದೆ."

ಪ್ರತಿಭಾ ನಕ್ಕಳು. ತಾತ ಹೋದ ಮೇಲೆ ಮೊದಲ ಸಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒದ್ದೆ ವಿಭೂತಿಯಲ್ಲಿ ಕರೆಂಟು ಕಳ್ಳದಾರಿ ಹಿಡಿದಿತ್ತು! ಅವಳು ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಉಜ್ಜಿದಳು. ಆರಲೆಂದು ಇಬ್ಬರೂ ಒಟ್ಟಿಗೆ ಊದಿದರು. ಹಣೆಗೆ ಹಣೆ ತಾಗಿತು. ಯಾರೂ ಬೇಗ ಹಿಂದೆ ಸರಿಯಲಿಲ್ಲ.

ಮೀಟರು ಐದು ತೋರಿಸಿತು.

"ಪ್ರತಿಭಾ, ಅವತ್ತು ನಾನು ಇಳೀಬಾರದಿತ್ತು. ನೋಡೋ ಶಾಸ್ತ್ರ ಇಲ್ದಿದ್ರೂ ತಾತನ್ನ ಹೊರೋಕೆ ಒಂದು ಹೆಗಲು ಬೇಕಿತ್ತು. ಅಮ್ಮನಿಗೂ ಅದನ್ನೇ ಹೇಳಿ ಹೇಳಿ ಒಪ್ಸಿದೀನಿ. ಒಳಗೆ ಪ್ರಸಾದಕ್ಕೆ ಕೂತವ್ರೆ. ಇನ್ನು ನೀವು ಬ್ಯಾಡ ಅಂದ್ರೆ ಬಸ್ಸಿದೆ, ಓಯ್ತೀನಿ."

"ಇನ್ನೊಂದು ಸಲ ಹಿಂಗೇ ಇಳಿದ್ರೆ?"

"ಹನ್ನೆರಡು ವೋಲ್ಟ್ ಕೊಟ್ಟು ಸುಟ್ಬುಡಿ."

"ಬ್ಯಾಟರಿ ದಂಡ" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಓಗಬ್ಯಾಡಿ. ನಂಗೂ ನೀವು ಬೇಕು" ಎಂದಳು.

"ಕಿವಿ ಕೇಳ್ತದೆ ಕಣವ್ವ ನಂಗೆ" ಎಂದರು ಸುವರ್ಣಮ್ಮ. "ಮೊದ್ಲು ಯಜಮಾನ್ರುನ್ನ ಕೂಗ್ಸಿ. ಅವ್ರ ಮುಂದೆನೇ ಮಾತಾಡಾನ."

ಪ್ರತಿಭಾ ತಂತಿ ಜೋಡಿಸಿದಳು. ಒಂದು ಕೆಮ್ಮು ಕೇಳಿತು. ಆಮೇಲೆ ಶಿವಯ್ಯನವರ ತುಂಬು ಕಂಠ ತೆಂಗಿನ ಸಾಲಿನ ನಡುವೆ ಶಿವನಾಮ ಹಿಡಿದು ಎದ್ದಿತು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದನಿ ಕೇಳಿ ಮನೆಯೊಳಗಿಂದ ಎಲ್ಲರೂ ಓಡಿ ಬಂದರು. ಗೌರೀಶನ ತಾಯಿ ಗದ್ದುಗೆಗೆ ಹೂವಿಟ್ಟು, ಪ್ರತಿಭಾಳ ತಲೆ ನೇವರಿಸಿದರು.

ದೀಪ ಹತ್ತಿತು. ಹುಡುಗ ಹುಡುಗಿ ಅಕ್ಕಪಕ್ಕ ನಿಂತು ಕೈ ಮುಗಿದು ಬೇಡಿಕೊಂಡರು.

ಶಿವನೇ, ನಿನ್ನ ಹೆಸರು ಹಾಡುತ್ತಲೇ ಬಾಳಿದ ಜೀವ ಇದು. ನಿನ್ನ ಪಾದದ ನೆರಳಲ್ಲಿ ಇದಕ್ಕೆ ತಂಪಾದ ಜಾಗ ಕೊಡು. ಇಲ್ಲಿ ಉಳಿದವರ ಯೋಚನೆ ಅದನ್ನು ಕಾಡದಿರಲಿ. ಶಿವಯ್ಯನವರಿಗೆ ಶಾಂತಿ ಸಿಗಲಿ ತಂದೆ.